ಕುಶಲಕ್ಕನ ಪಡುವಲ ಕೊಳೆತದ್ದು ಯಾರಿಂದ?

ನಿಮ್ಮ ಹಿತ್ತಿಲಲ್ಲಿ ಪಡುವಲವೋ ಹೀರೆಯೋ ಇದ್ದರೆ ಈ ಸಂಕಟ ನಿಮಗೆ ಗೊತ್ತಿದ್ದೇ ಇರುತ್ತದೆ. ಬಳ್ಳಿ ಚೆನ್ನಾಗಿ ಹಬ್ಬುತ್ತದೆ. ಹೂವು ಬಿಡುತ್ತದೆ. ಹೂವಿನ ಬುಡದಲ್ಲಿ ಎಳೆಮಿಡಿ ಕಾಣುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಮಿಡಿ ಸೊಟ್ಟಗಾಗಿ, ಹಳದಿ ತಿರುಗಿ, ನೀರು ಸುರಿಸುತ್ತ ನೇತಾಡುತ್ತಿರುತ್ತದೆ. ಆಗ ನಾವು ಏನು ಮಾಡುತ್ತೇವೆ? ಯಾರು ನೋಡಿದರು, ಯಾರು ಬೆರಳು ತೋರಿಸಿದರು ಎಂದು ಹುಡುಕಲು ಹೊರಡುತ್ತೇವೆ. ಎಳೆಮಿಡಿಗೆ ಬೆರಳು ತೋರಿಸಿದರೆ ಕೊಳೆತು ಹೋಗುತ್ತದೆ ಎಂಬ ಮಾತು ಕೇಳಿಯೇ ನಾವು ಬೆಳೆದದ್ದು. ನಾನೂ ಹಾಗೆ ಬೆಳೆದವಳು. ನನ್ನ ಹೆಸರು ಗುಲಾಬಿ, ಮನೆ ಮಂಗಳೂರಿನ ಮಣ್ಣಗುಡ್ಡ. ಆ ಒಂದು ಬೆರಳಿನ ದೆಸೆಯಿಂದ ನಮ್ಮ ಮಹಿಳಾ ಮಂಡಲದ ತರಕಾರಿ ತೋಟವೇ ಒಡೆದು ಹೋಗುವುದರಲ್ಲಿತ್ತು. ಅದನ್ನು ಹೇಳುತ್ತೇನೆ, ಕೇಳಿ.

ನಮ್ಮ ಮನೆಗಳ ಹಿಂದೆ ಚಿತ್ತರಂಜನ ಶೆಟ್ಟರ ಒಂದು ಖಾಲಿ ಹಿತ್ತಿಲು ಉಂಟು. ಶೆಟ್ಟರು ಬೊಂಬಾಯಿಯಲ್ಲಿ ಹೋಟೆಲು ಇಟ್ಟವರು. ಅವರು ಆಚೆ ಹೋದ ಮೇಲೆ ಆ ಜಾಗ ಎಲ್ಲರ ಕಸ ಎಸೆಯುವ ಜಾಗವಾಗಿತ್ತು. ಮಂಡಲದ ಹೆಂಗಸರು ಧೈರ್ಯ ಮಾಡಿ ಅವರನ್ನು ಕೇಳಿದೆವು. ಮನೆಗೊಂದು ತುಂಡಿನಂತೆ ಹಂಚಿಕೊಂಡು ತರಕಾರಿ ಬೆಳೆಯುತ್ತೇವೆ, ಜಾಗ ನಿಮ್ಮದೇ ಎಂದೆವು. ಶೆಟ್ಟರು ಒಪ್ಪಿದರು. ಒಂದೇ ಒಂದು ಮಾತು ಹೇಳಿದರು: ನಡುವೆ ಇರುವ ಬಾವಿಯ ನೀರು ಕೆಡಬಾರದು. ನಳ್ಳಿಯಲ್ಲಿ ನೀರು ಬಾರದ ದಿನ ಸುತ್ತಮುತ್ತಲಿನ ಮನೆಯವರು ಕುಡಿಯುವುದು ಆ ಬಾವಿಯದ್ದೇ. ಹಾಗಾಗಿ ಯಾರೂ ಹುಳದ ಮದ್ದು ಹೊಡೆಯಬಾರದು, ಅಂಗಡಿಯ ಗೊಬ್ಬರ ಹಾಕಬಾರದು ಎಂದು ನಾವೇ ಮಾತು ಮಾಡಿಕೊಂಡೆವು. ಹಟ್ಟಿಗೊಬ್ಬರ, ಸುಡುಮಣ್ಣು, ತರಗೆಲೆ, ಇಷ್ಟೇ.

ಇದನ್ನೆಲ್ಲ ಕಲಿಸಿದವರು ಗ್ಲ್ಯಾಡಿಸ್ ಟೀಚರ್. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಮಾತು ಸ್ವಲ್ಪ ಖಾರ. ತೋಟದ ಮೂಲೆಯಲ್ಲಿ ಒಂದು ಗೊಬ್ಬರದ ಗುಂಡಿ ತೋಡಿಸಿ, ಕಸ ಎನ್ನುವುದು ಇಲ್ಲವೇ ಇಲ್ಲ, ಎಲ್ಲವನ್ನೂ ಇದಕ್ಕೆ ಹಾಕಿ ಎಂದು ನಮಗೆ ಪಾಠ ಮಾಡಿದರು. ನಾವು ಒಳ್ಳೆಯ ಮಕ್ಕಳ ಹಾಗೆ ಎಲ್ಲವನ್ನೂ ಹಾಕಿದೆವು. ಮೊದಲ ವರ್ಷ ಹರಿವೆ, ಬೆಂಡೆ, ಅಲಸಂಡೆ ಎಷ್ಟು ಬಂತೆಂದರೆ ಕಂಕನಾಡಿ ಮಾರ್ಕೆಟ್ಟಿನ ಕಡೆಗೆ ತಲೆ ಹಾಕಲಿಲ್ಲ.

ಎರಡನೆಯ ಮಳೆಗಾಲ, ಅಂದರೆ ಎಂಬತ್ತೆರಡನೆಯ ಇಸವಿಯಲ್ಲಿ, ಬಳ್ಳಿ ತರಕಾರಿ ಹಾಕಿದೆವು. ತೊಂದರೆ ಶುರುವಾದದ್ದು ಆಗ.

ಕುಶಲಕ್ಕ ನಮ್ಮ ಮಂಡಲದಲ್ಲಿ ಎಲ್ಲರಿಗಿಂತ ಮೊದಲು ಏಳುವವಳು. ಅವಳಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಬೆಳಿಗ್ಗೆ ಚಹಾ ಕುಡಿಯುವ ಮೊದಲು ಕೊಡೆ ಹಿಡಿದು ತೋಟಕ್ಕೆ ಒಂದು ಸುತ್ತು, ಮಧ್ಯಾಹ್ನ ಗಂಡನಿಗೆ ಬಡಿಸಿ ಇನ್ನೊಂದು ಸುತ್ತು. ಅವಳ ತುಂಡಿಗೆ ಒತ್ತಿ ಸಫಿಯಾಳ ತುಂಡು. ಸಫಿಯಾಳ ಗಂಡ ಯೂಸುಫ್ ದುಬೈಯಲ್ಲಿ. ಮನೆಯಲ್ಲಿ ಅತ್ತೆ ಹಲೀಮಾ ಹಾಸಿಗೆ ಹಿಡಿದಿದ್ದರು. ಅವರ ಚಾಕರಿಯ ನಡುವೆ ಸಫಿಯಾಳಿಗೆ ಉಸಿರು ಬಿಡಲು ಸಿಗುವುದು ಸಂಜೆ ತೋಟದಲ್ಲಿ ಕಳೆಯುವ ಅಷ್ಟು ಹೊತ್ತು ಮಾತ್ರ. ಇಬ್ಬರೂ ಸೇರಿ ಒಂದೇ ಚಪ್ಪರ ಹಾಕಿದ್ದರು. ಆಚೆಯಿಂದ ಕುಶಲಕ್ಕನ ಪಡುವಲ, ಈಚೆಯಿಂದ ಸಫಿಯಾಳ ಹೀರೆ. ಇವಳು ಕಟ್ಟಿದ್ದು ಯಾವುದು, ಅವಳು ಕಟ್ಟಿದ್ದು ಯಾವುದು ಎಂದು ಹಗ್ಗ ನೋಡಿ ಹೇಳುವ ಹಾಗಿರಲಿಲ್ಲ.

ಒಂದು ಸಂಜೆ ಮೊದಲ ಪಡುವಲ ಮಿಡಿ ಸಫಿಯಾಳ ಕಣ್ಣಿಗೆ ಬಿತ್ತು. ಅವಳು ಖುಷಿಯಲ್ಲಿ ಕೈ ಎತ್ತಿ, "ಕುಶಲಕ್ಕ, ಅಲ್ಲೊಂದು ಉಂಟು ನೋಡಿ" ಎಂದು ಬೆರಳು ತೋರಿಸಿದಳು. ಕುಶಲಕ್ಕ ನೋಡಿದ್ದು ಮಿಡಿಯನ್ನಲ್ಲ, ಆ ಬೆರಳನ್ನು. ಅವಳ ಎದೆಯಲ್ಲಿ ಸಣ್ಣಗೆ ಏನೋ ಕುಟುಕಿತು.

ಆ ಮಿಡಿ ಕೊಳೆಯಿತು. ಅದರ ಪಕ್ಕದ್ದೂ ಕೊಳೆಯಿತು. ಆಮೇಲೆ ಬಿಟ್ಟದ್ದೆಲ್ಲ ಒಂದೊಂದಾಗಿ ಕೊಳೆಯುತ್ತ ಹೋಯಿತು. ಕುಶಲಕ್ಕನಿಗೆ ರಾತ್ರಿ ನಿದ್ದೆ ಹತ್ತದಾಯಿತು. ಚಪ್ಪರಕ್ಕೆ ಕಪ್ಪು ಬಟ್ಟೆ ಕಟ್ಟಿದಳು, ಸುಣ್ಣದ ಬೊಟ್ಟಿಟ್ಟ ಮಡಕೆ ಕವುಚಿದಳು, ದಾರಿಗೆ ಎದುರಾಗಿ ಬೆದರುಬೊಂಬೆ ಬೆರ್ಚಪ್ಪನನ್ನೂ ನಿಲ್ಲಿಸಿದಳು. ಬೆರ್ಚಪ್ಪನಿಗೆ ಗಂಡ ಸರ್ವೋತ್ತಮಣ್ಣನ ಹಳೆಯ ಅಂಗಿ ಹಾಕಿದ್ದರಿಂದ ಸಂಜೆ ಹೊತ್ತು ನನಗೇ ಒಮ್ಮೆ ಅವರೇ ನಿಂತ ಹಾಗೆ ಕಂಡು ನಮಸ್ಕಾರ ಮಾಡುವುದರಲ್ಲಿದ್ದೆ. ಏನು ಮಾಡಿದರೂ ಮಿಡಿ ಕೊಳೆಯುವುದು ನಿಲ್ಲಲಿಲ್ಲ. ಕುಶಲಕ್ಕ ಕೊಳೆತದ್ದನ್ನೆಲ್ಲ ಹೆಕ್ಕಿ, ಟೀಚರ್ ಹೇಳಿದ ಹಾಗೆ, ಗೊಬ್ಬರದ ಗುಂಡಿಗೆ ಹಾಕುತ್ತಿದ್ದಳು. ತೋಟಕ್ಕೆ ಬಂದವರ ಕೈಯನ್ನೇ ನೋಡತೊಡಗಿದಳು. ಯಾರು ಬಂದರೂ ಅನುಮಾನ, ಯಾರು ಮಾತಾಡಿದರೂ ಸಿಡುಕು.

ಕಡೆಗೆ ಒಂದು ದಿನ, ನಾವು ನಾಲ್ಕಾರು ಜನ ಬಾವಿಕಟ್ಟೆಯ ಹತ್ತಿರ ಇದ್ದಾಗ, ಅವಳ ಬಾಯಿಂದ ಬಂದೇಬಿಟ್ಟಿತು.

"ಸಫಿಯಾ, ಅವತ್ತು ನೀನು ಬೆರಳು ತೋರಿಸಿದ್ದಲ್ವಾ, ಅಲ್ಲಿಂದ ಶುರುವಾದದ್ದು ಇದು."

ಸಫಿಯಾ ಮೊದಲು ತಮಾಷೆ ಎಂದುಕೊಂಡಳು. ಕುಶಲಕ್ಕನ ಮುಖ ನೋಡಿ ಅವಳ ನಗು ನಿಂತುಹೋಯಿತು. ಕೊಡಪಾನವನ್ನು ಅಲ್ಲೇ ಇಟ್ಟು, ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಮನೆಗೆ ಹೋದಳು. ಕುಶಲಕ್ಕನಿಗೆ ಏನಾದರೂ ಹೇಳಬೇಕೆಂದರೆ, ಹೇಳಲು ನನ್ನ ಹತ್ತಿರ ಏನಿತ್ತು? ನಾನೂ ಅದೇ ನಂಬಿಕೆಯವಳು.

ಮರುದಿನದಿಂದ ಸಫಿಯಾ ತೋಟಕ್ಕೆ ಬರಲಿಲ್ಲ. ಅವಳ ಹೀರೆಯೂ ಕೊಳೆಯುತ್ತಿತ್ತು, ಅದನ್ನು ಯಾರೂ ಗಮನಿಸಲಿಲ್ಲ. ನಾನು ಮನೆಗೆ ಹೋದಾಗ ಚಹಾ ಕೊಟ್ಟಳು, ಅತ್ತೆಯ ಕಾಲು ತಿಕ್ಕುತ್ತಲೇ ಹೇಳಿದಳು, ಮುಂದಿನ ಸಭೆಯಲ್ಲಿ ತನ್ನ ತುಂಡನ್ನು ಮಂಡಲಕ್ಕೆ ಬಿಟ್ಟುಕೊಡುತ್ತಾಳಂತೆ.

"ಗುಲಾಬಿಯಕ್ಕ, ನನ್ನ ಕೈಯಿಂದ ಇನ್ನೊಬ್ಬರ ಬೆಳೆ ಹಾಳಾಗ್ತದೆ ಅಂತ ನಾಲ್ಕು ಜನ ಹೇಳಿದ ಮೇಲೆ ಅಲ್ಲಿ ನಿಲ್ಲುವುದು ಹೇಗೆ?"

ನಾಲ್ಕು ಜನ ಹೇಳಿರಲಿಲ್ಲ, ಹೇಳಿದ್ದು ಒಬ್ಬಳು. ಆದರೆ ಕೇಳಿದ ನಾವೆಲ್ಲ ಸುಮ್ಮನಿದ್ದೆವಲ್ಲ.

ಇತ್ತ ಕುಶಲಕ್ಕನ ಗಂಡ ಸರ್ವೋತ್ತಮಣ್ಣ ಇನ್ನೊಂದು ದಾರಿ ಹುಡುಕಿದರು. ಅವರಿಗೆ ಬೆರಳಿನ ನಂಬಿಕೆಯೂ ಇಲ್ಲ, ನಮ್ಮ ತೋಟದ ಮೇಲೆ ನಂಬಿಕೆಯೂ ಇಲ್ಲ. ಬಂದರಿನ ದಾರಿಯಲ್ಲಿ ಯಾರಿಂದಲೋ ಗದ್ದೆಗೆ ಹೊಡೆಯುವ ಮದ್ದಿನ ಬಾಟ್ಲಿ ತಂದು ಜಗಲಿಯಲ್ಲಿಟ್ಟರು. ಒಂದು ಸಲ ಹೊಡೆದರೆ ಎಲ್ಲ ಸರಿ ಹೋಗುತ್ತದೆ, ನಿಮ್ಮ ಸೆಗಣಿ-ತರಗೆಲೆಯಿಂದ ಆಗುವಂಥದ್ದಲ್ಲ ಇದು ಎಂದು ನಗಾಡಿದರು. ಬಾವಿ ಚಪ್ಪರದ ಪಕ್ಕದಲ್ಲೇ ಇದೆ. ಅದನ್ನು ಹೇಳಿದರೆ, ಮಳೆ ಬಂದು ತೊಳೆದು ಹೋಗುತ್ತದೆ ಎಂದರು. ತೊಳೆದು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದ್ದಕ್ಕೆ ಅವರಿಗೆ ಎಲೆ ಅಡಿಕೆಯ ಕೆಲಸ ನೆನಪಾಯಿತು.

ನಾನು ಓಡಿದ್ದು ಗ್ಲ್ಯಾಡಿಸ್ ಟೀಚರ ಮನೆಗೆ. ಟೀಚರ್ ಉತ್ತರಪತ್ರಿಕೆ ತಿದ್ದುವುದನ್ನು ಬಿಟ್ಟು, ಅಡುಗೆಮನೆಯ ಚಾಕು ಹಿಡಿದುಕೊಂಡೇ ಬಂದರು. ಕುಶಲಕ್ಕ, ಸರ್ವೋತ್ತಮಣ್ಣ ಇಬ್ಬರನ್ನೂ ಚಪ್ಪರದ ಕೆಳಗೆ ನಿಲ್ಲಿಸಿ, ಹಳದಿಯಾಗಲು ಶುರುವಾದ ಒಂದು ಮಿಡಿಯನ್ನು ಉದ್ದಕ್ಕೆ ಸೀಳಿದರು. ಒಳಗೆ ಬಿಳಿ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು.

"ಕೊಳೆತ ಮೇಲೆ ಹುಳ ಆಗುವುದು ಗೊತ್ತುಂಟು ಟೀಚರ್" ಎಂದಳು ಕುಶಲಕ್ಕ. "ಕೊಳೆತದ್ದು ಎಂತಕ್ಕೆ ಅಂತ ಹೇಳಿ."

ಟೀಚರ್ ಇನ್ನೊಂದು ಮಿಡಿಯನ್ನು ಹಿಡಿದು ತೋರಿಸಿದರು. ಅದು ನೋಡಲು ಹಸಿರಾಗಿಯೇ ಇತ್ತು. ಆದರೆ ಸಿಪ್ಪೆಯ ಮೇಲೆ ಸೂಜಿ ಚುಚ್ಚಿದ ಹಾಗೆ ಒಂದು ಗುರುತು, ಅದರಿಂದ ಒಸರಿದ ಅಂಟಿನ ಹನಿ. ಒಂದು ಜಾತಿಯ ನೊಣ ಎಳೆಮಿಡಿಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ, ಮೊಟ್ಟೆ ಒಡೆದು ಹುಳವಾಗುತ್ತದೆ, ಹುಳ ತಿನ್ನುವುದರಿಂದಲೇ ಮಿಡಿ ಕೊಳೆಯುತ್ತದೆ ಎಂದು ವಿವರಿಸಿದರು. ಕುಶಲಕ್ಕ ಒಪ್ಪಲಿಲ್ಲ. ನೊಣ ಎಲ್ಲ ವರ್ಷವೂ ಇರುತ್ತದೆ, ಬೆರಳು ತೋರಿಸಿದ್ದು ಈ ವರ್ಷ ಎಂದಳು. ಹೇಳಿದಳು, ನಿಜ, ಆದರೆ ಧ್ವನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಟೀಚರ್ ಜಗಳಕ್ಕೆ ನಿಲ್ಲಲಿಲ್ಲ. ಹಾರ್ಲಿಕ್ಸ್ ಬಾಟ್ಲಿಯೊಂದಕ್ಕೆ ಒದ್ದೆ ಮರಳು, ನಮ್ಮ ಹೊಯ್ಗೆ, ತುಂಬಿ, ಆ ಹುಳ ತುಂಬಿದ ಮಿಡಿಯನ್ನು ಅದರ ಮೇಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ಕುಶಲಕ್ಕನ ಕೈಗೇ ಕೊಟ್ಟರು. ಹುಳ ಏನಾಗುತ್ತದೆ ಎಂದು ಅವಳೇ ನೋಡಬೇಕು. ಇದು ಒಂದು ಪರೀಕ್ಷೆ. ಇನ್ನೊಂದು, ಈಗಷ್ಟೇ ಹೂವು ಬಾಡಿದ ಮಿಡಿಗಳಲ್ಲಿ ಕೆಲವಕ್ಕೆ ಬಟ್ಟೆಯ ಚೀಲ ಹಾಕಿ ಕಟ್ಟಬೇಕು, ಕೆಲವನ್ನು ಹಾಗೇ ಬಿಡಬೇಕು. ಅದರ ಫಲ ಕಾಣುವ ತನಕ ಮದ್ದಿನ ಬಾಟ್ಲಿಯ ಮುಚ್ಚಳ ತೆಗೆಯಬಾರದು. ಸರ್ವೋತ್ತಮಣ್ಣ, ಹೊಡೆಯುವುದು ಹೇಗೂ ಇದ್ದೇ ಇದೆ, ನಿಮ್ಮ ಆಟ ಮುಗಿಯಲಿ ಎಂದು ಒಪ್ಪಿದರು.

ಉದ್ದದ ಪಡುವಲಕ್ಕೆ ಚೀಲ ಹೊಲಿಯುವುದು ಯಾರು? ಹೊಲಿಗೆ ಮಿಶನ್ ಇದ್ದದ್ದು ಸಫಿಯಾಳ ಮನೆಯಲ್ಲಿ. ಕುಶಲಕ್ಕ ಹೋಗಲು ಒಪ್ಪಲಿಲ್ಲ, ಮುಖ ಎಲ್ಲಿಡುವುದು ಎಂದಳು. ನಾನೇ ಹೋದೆ. ಸಫಿಯಾ ಒಂದು ಮಾತೂ ಕೇಳದೆ ಯೂಸುಫನ ಹಳೆಯ ಲುಂಗಿಗಳನ್ನು ತೆಗೆದು, ಮೂಲೆ ಹಿಡಿದು ಅಳೆದು, ಕೋವಿಯ ಹಾಗೆ ಉದ್ದುದ್ದ ಚೀಲ ಹೊಲಿದು, ಬಾಯಿಗೆ ದಾರ ಸಿಕ್ಕಿಸಿ ಕೊಟ್ಟಳು. ತೋಟಕ್ಕೆ ಬಾ ಎಂದರೆ ಮಾತ್ರ ತಲೆ ಅಲ್ಲಾಡಿಸಿದಳು. ಮರುದಿನ ಚಪ್ಪರದ ತುಂಬ ಚೌಕುಳಿ ಲುಂಗಿಗಳು ನೇತಾಡಿದವು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಇದು ಯಾರ ಮನೆಯ ಬಟ್ಟೆ ಒಣಗಿಸುವುದು ಎಂದು ಕೇಳುತ್ತಿದ್ದರು.

ಆಮೇಲಿನ ದಿನಗಳಲ್ಲಿ ನಮಗೆ ಯಾರಿಗೂ ನೆಮ್ಮದಿ ಇರಲಿಲ್ಲ. ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಕುಶಲಕ್ಕ ಹಾರ್ಲಿಕ್ಸ್ ಬಾಟ್ಲಿಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಗಂಜಿ ಬಸಿಯುವಾಗ ಒಮ್ಮೆ, ಒಗ್ಗರಣೆ ಹಾಕುವಾಗ ಒಮ್ಮೆ ಅದನ್ನೇ ನೋಡುವಳು. ಎರಡು ದಿನದಲ್ಲಿ ಹುಳಗಳು ಹೊಯ್ಗೆಯೊಳಗೆ ಇಳಿದು ಮಾಯವಾದವು. ಸತ್ತಿರಬೇಕು ಎಂದಳು. ಸರ್ವೋತ್ತಮಣ್ಣ ಮೀನು ಸಾರು ಉಣ್ಣುವಾಗ ಆ ಬಾಟ್ಲಿ ಎದುರಿಗೆ ಬೇಡ ಎಂದು ದಿನಾ ಗೊಣಗಿದರು. ಸಭೆಯ ದಿನ ಹತ್ತಿರ ಬರುತ್ತಿತ್ತು. ಸಫಿಯಾ ತುಂಡು ಬಿಟ್ಟರೆ ಅವಳ ಬೆನ್ನಿಗೆ ಇನ್ನಿಬ್ಬರು ಬಿಡುವ ಮಾತಾಡುತ್ತಿದ್ದರು. ಕುಶಲಕ್ಕನ ನಾಲಿಗೆ ನಾಳೆ ನಮ್ಮ ಮೇಲೂ ತಿರುಗುವುದಿಲ್ಲ ಎಂದು ಏನು ಗ್ಯಾರಂಟಿ ಎಂದು ಅವರ ಪ್ರಶ್ನೆ.

ಸಭೆಗೆ ಎರಡು ದಿನ ಇರುವಾಗ ಬೆಳಿಗ್ಗೆ ಕುಶಲಕ್ಕ ತಲೆ ಬಾಚದೆ, ಬಾಟ್ಲಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಳು. ಬಾಟ್ಲಿಯೊಳಗೆ ನೊಣಗಳು. ಮನೆಯ ನೊಣದ ಹಾಗಲ್ಲ, ಕೆಂಪುಗಂದು ಮೈ, ಬೆನ್ನಿಗೆ ಹಳದಿ ಗೆರೆ, ನೋಡಿದರೆ ಸಣ್ಣ ಕಣಜ. ಅವಳು ಏದುಸಿರು ಬಿಡುತ್ತಿದ್ದಳು.

"ಗುಲಾಬಿ, ಇದರೊಳಗೆ ಯಾರೂ ಬೆರಳು ಹಾಕ್ಲಿಲ್ಲ. ಇದು ಮಿಡಿಯೊಳಗಿಂದಲೇ ಬಂದದ್ದು."

ಇಬ್ಬರೂ ಟೀಚರ ಮನೆಗೆ ಹೋದೆವು. ಟೀಚರ್ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿ ಮೊದಲು ನಕ್ಕರು. ನಂತರ ಅವರ ನಗು ಮೆಲ್ಲಗೆ ಇಳಿಯಿತು. ಇಷ್ಟು ದಿನ ಕೊಳೆತ ಮಿಡಿಗಳನ್ನು ಎಲ್ಲಿ ಹಾಕಿದ್ದು ಎಂದು ಕೇಳಿದರು. ನೀವು ಹೇಳಿದ ಗುಂಡಿಗೆ ಎಂದೆವು. ಟೀಚರ್ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ತೋಟಕ್ಕೆ ನಡೆದರು.

ಗುಂಡಿಯ ಅಂಚಿನ ಮಣ್ಣನ್ನು ಹಾರೆಯಿಂದ ಸ್ವಲ್ಪ ಕೆದಕಿದ್ದೇ ತಡ, ಕುಚ್ಚಲಕ್ಕಿ ಚೆಲ್ಲಿದ ಹಾಗೆ ಕಂದು ಕಾಳುಗಳು ಕಂಡವು. ಅವೇ ನೊಣದ ಗೂಡುಗಳು. ಮಿಡಿಯೊಳಗಿನ ಹುಳ ಮಣ್ಣಿಗಿಳಿದು ಹೀಗೆ ಗೂಡು ಕಟ್ಟಿ, ನೊಣವಾಗಿ ಮತ್ತೆ ಚಪ್ಪರಕ್ಕೆ ಹಾರುತ್ತದೆ. ಗೊಬ್ಬರ ಬಿಸಿಯೇರಿದ್ದರೆ ಹುಳ ಸಾಯುತ್ತಿತ್ತೇನೋ, ಮಳೆಗೆ ಗುಂಡಿ ತಣ್ಣಗಿತ್ತು, ಮೇಲೆ ಮಣ್ಣೂ ಮುಚ್ಚಿರಲಿಲ್ಲ. ನಾವು ಎಲ್ಲರೂ ಸೇರಿ, ಬಹಳ ಅಚ್ಚುಕಟ್ಟಾಗಿ, ತೋಟದ ಮೂಲೆಯಲ್ಲಿ ನೊಣ ಸಾಕುತ್ತಿದ್ದೆವು.

ಟೀಚರ್ ಹಾರೆ ಹಿಡಿದುಕೊಂಡೇ ನಿಂತರು. "ಎಲ್ಲವನ್ನೂ ಗುಂಡಿಗೆ ಹಾಕಿ ಅಂತ ಕಲಿಸಿದ್ದು ನಾನು. ಹುಳ ಬಿದ್ದದ್ದನ್ನು ಹಾಕ್ಬಾರ್ದು ಅಂತ ಹೇಳ್ಬೇಕಿತ್ತು. ಆ ಪಾಪದ ಸಫಿಯಾಳ ತಲೆಗೆ ಕಟ್ಟಿದ್ದು ನನ್ನ ತಪ್ಪನ್ನು."

ಕುಶಲಕ್ಕ ಅಲ್ಲೇ ಕೂತುಬಿಟ್ಟಳು. ತಾನು ದಿನಾ ಹೆಕ್ಕಿ ಹೆಕ್ಕಿ ತಂದು ಹಾಕಿದ್ದು ಅವಳಿಗೆ ನೆನಪಾಗಿರಬೇಕು.

ಸರ್ವೋತ್ತಮಣ್ಣನೂ ಬಂದರು. ಬಾಟ್ಲಿ ನೋಡಿದರು, ಗುಂಡಿ ನೋಡಿದರು. ಆದರೂ ಸೋಲಲು ಮನಸ್ಸಿಲ್ಲ. ಶತ್ರು ಯಾರೆಂದು ಗೊತ್ತಾಯಿತಲ್ಲ, ಇನ್ನು ಮದ್ದು ಹೊಡೆದುಬಿಡುವ ಎಂದರು.

"ಹುಳ ಇರುವುದು ಕಾಯಿಯ ಒಳಗೆ, ಗೂಡು ಇರುವುದು ಮಣ್ಣಿನಡಿ" ಎಂದರು ಟೀಚರ್. "ನೀವು ಹೊಡೆದದ್ದು ಎರಡಕ್ಕೂ ಸರಿಯಾಗಿ ಮುಟ್ಟುವುದಿಲ್ಲ. ಮುಟ್ಟುವುದು ಹೂವಿಗೆ ಬರುವ ಜೇನುಹುಳಕ್ಕೆ, ಮತ್ತೆ ಆ ಬಾವಿಗೆ. ಜೇನುಹುಳ ಸತ್ತರೆ ಮಿಡಿ ಕಟ್ಟುವುದೇ ಇಲ್ಲ ಮಾರಾಯ್ರೆ."

ಸರ್ವೋತ್ತಮಣ್ಣ ಸ್ವಲ್ಪ ಹೊತ್ತು ಬಾವಿಯನ್ನೇ ನೋಡಿದರು. ಅವರ ಮನೆಗೂ ನೀರು ಅಲ್ಲಿಂದಲೇ. ಮತ್ತೆ ಲುಂಗಿ ಎತ್ತಿ ಕಟ್ಟಿ, ಟೀಚರ ಕೈಯಿಂದ ಹಾರೆ ತೆಗೆದುಕೊಂಡರು. ಗುಂಡಿಯ ಅಂಚನ್ನೆಲ್ಲ ಅಗೆದು ಮಗುಚಿದರು. ನಮ್ಮ ಮನೆಯ ಕೋಳಿಗಳನ್ನು ಬಿಟ್ಟದ್ದೇ ತಡ, ಗೂಡುಗಳನ್ನು ಹೆಕ್ಕಿ ತಿಂದವು. ಕೊಳೆತ ಮಿಡಿಗಳಿಗಾಗಿ ಬೇರೆ ಒಂದು ಹೊಂಡವನ್ನು, ಮೊಣಕಾಲು ಮುಳುಗುವುದಕ್ಕಿಂತಲೂ ಆಳಕ್ಕೆ, ಅವರೇ ತೋಡಿದರು. ಮದ್ದಿನ ಬಾಟ್ಲಿಯನ್ನು ಸಂಜೆ ತಂದಲ್ಲಿಗೇ ವಾಪಸು ಕೊಟ್ಟು ಬಂದರಂತೆ.

ಸಭೆಯ ದಿನ ಸಫಿಯಾ ಬಂದಳು. ಕೈ ಸೆರಗಿನೊಳಗೇ ಇತ್ತು. ತನಗೆ ಅತ್ತೆಯನ್ನು ನೋಡಿಕೊಳ್ಳಲು ಹೊತ್ತು ಸಾಲದು, ತುಂಡನ್ನು ಬೇರೆಯವರಿಗೆ ಕೊಡಿ ಎಂದು ಹೇಳಲು ಶುರು ಮಾಡಿದಳು. ಕುಶಲಕ್ಕ ಅದನ್ನು ಮುಗಿಸಲು ಬಿಡಲಿಲ್ಲ. ಅವಳನ್ನು ಚಪ್ಪರದ ಕೆಳಗೆ ಕರೆದುಕೊಂಡು ಹೋದಳು. ನಾವೂ ಹಿಂದೆ ಹೋದೆವು.

ಚೀಲ ಹಾಕದೆ ಬಿಟ್ಟ ಮಿಡಿಗಳು ಎಂದಿನ ಹಾಗೆ ಸೊಟ್ಟಗಾಗಿ ಕೊಳೆತಿದ್ದವು. ಕುಶಲಕ್ಕ ಒಂದು ಲುಂಗಿ ಚೀಲದ ದಾರ ಬಿಚ್ಚಿ ಕೆಳಕ್ಕೆ ಸರಿಸಿದಳು. ಒಳಗೆ ಪಡುವಲ ನೆಟ್ಟಗೆ, ಗೆರೆ ಗೆರೆಯಾಗಿ, ಒಂದು ಚುಕ್ಕೆ ಇಲ್ಲದೆ ಇಳಿದಿತ್ತು. ಕುಶಲಕ್ಕನ ಕಣ್ಣಲ್ಲಿ ನೀರು ಬಂತು.

"ತಪ್ಪಾಯ್ತು ಸಫಿಯಾ. ಎಲ್ಲರ ಎದುರು ಹೇಳಿದ್ದೆ, ಎಲ್ಲರ ಎದುರೇ ಹೇಳ್ತೇನೆ, ತಪ್ಪು ನನ್ನದು. ಈಗ ನೀನು ಇದಕ್ಕೆ ಬೆರಳು ತೋರಿಸು. ಏನೂ ಆಗುವುದಿಲ್ಲ."

ಸಫಿಯಾ ಕೈ ಹೊರಗೆ ತೆಗೆಯಲಿಲ್ಲ.

"ಬೇಡ ಕುಶಲಕ್ಕ. ನನಗೆ ಈಗ ಹೆದರಿಕೆ ಆಗ್ತದೆ. ಮನೆಯಲ್ಲಿ ಅತ್ತೆಗೆ ಊಟ ಕೊಡುವಾಗಲೂ ಈ ಕೈಯನ್ನೇ ನೋಡ್ತೇನೆ ನಾನು."

ಒಂದು ಮಾತು ಎಷ್ಟು ಒಳಗೆ ಇಳಿದಿತ್ತು ಎಂದು ನಮಗೆ ಗೊತ್ತಾದದ್ದು ಆಗಲೇ.

ಕುಶಲಕ್ಕ ಮತ್ತೆ ಒತ್ತಾಯ ಮಾಡಲಿಲ್ಲ. ತಾನೇ ಕೈ ಎತ್ತಿದಳು. ಚಪ್ಪರದ ಆ ತುದಿಯಿಂದ ಶುರು ಮಾಡಿ, ಕಂಡ ಕಂಡ ಎಳೆಮಿಡಿಗೆಲ್ಲ ಬೆರಳು ತೋರಿಸುತ್ತ ಬಂದಳು. ಇಕೋ ಇದು, ಇಕೋ ಅದು, ಇದಕ್ಕೆ ನಾಳೆ ಚೀಲ ಹಾಕ್ತೇನೆ, ಕೊಳೆತರೆ ನನ್ನ ತಲೆಗೆ ಬರಲಿ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಅವಳ ಮಿಡಿ ಮುಗಿದ ಮೇಲೆ ಸಫಿಯಾಳ ಹೀರೆಯ ಕಡೆಗೂ ಬಂದಳು. ಟೀಚರ್ ಕೈ ಎತ್ತಿದರು. ನಾನೂ ಎತ್ತಿದೆ. ಹುಟ್ಟಿದಂದಿನಿಂದ ಮಾಡದ ಕೆಲಸ ಅದು. ಸರ್ವೋತ್ತಮಣ್ಣ ಮಾತ್ರ ಎರಡೂ ಕೈಗಳಲ್ಲಿ ತೋರಿಸಿದರು.

ಸಫಿಯಾ ನೋಡುತ್ತ ನಿಂತಿದ್ದಳು. ಕಡೆಗೆ ಅವಳ ಕೈ ಮೆಲ್ಲಗೆ ಸೆರಗಿನಿಂದ ಹೊರಗೆ ಬಂತು.

"ಅಲ್ಲಿ ಎಲೆಯ ಹಿಂದೆ ಒಂದು ಉಂಟು ಕುಶಲಕ್ಕ" ಎಂದು ತೋರಿಸಿದಳು. "ಅದನ್ನು ನೀವು ನೋಡ್ಲೇ ಇಲ್ಲ."

ಆ ತುಂಡನ್ನು ಅವಳು ಬಿಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೇರಿಯಲ್ಲೂ ಇಂಥ ಒಂದು ಖಾಲಿ ಜಾಗ ಇದ್ದೀತು. ಹತ್ತು ಮನೆಯವರು ಸೇರಿ ಕೇಳಿ, ಹಂಚಿಕೊಂಡು ಬೆಳೆಯಿರಿ. ಮಿಡಿಯ ಹೂವು ಬಾಡಿದ ಕೂಡಲೇ ಹಳೆಯ ಬಟ್ಟೆಯ ಚೀಲ ಹಾಕಿ. ತೆಂಗಿನ ಗೆರಟೆಯಲ್ಲಿ ಬೆಲ್ಲದ ನೀರಿಗೆ ಕೊಳೆತ ಬಾಳೆಹಣ್ಣು ಕಿವುಚಿ ಚಪ್ಪರದಲ್ಲಿ ತೂಗಿಸಿದರೆ ನೊಣ ಬಂದು ಅದರಲ್ಲಿ ಬೀಳುತ್ತದೆ, ಆ ನೀರನ್ನು ಆಗಾಗ ಬದಲಿಸಿ. ಹುಳ ಬಿದ್ದ ಕಾಯಿಯನ್ನು ದಿನಾ ಬೆಳಿಗ್ಗೆ ಹೆಕ್ಕಿ, ಗೊಬ್ಬರದ ಗುಂಡಿಗಲ್ಲ, ಬಚ್ಚಲಿನ ಒಲೆಗೆ ಹಾಕಿ. ಇಲ್ಲವೇ ಆಳವಾಗಿ ಹೂತು ಮಣ್ಣು ತುಳಿಯಿರಿ. ಇದನ್ನು ಒಬ್ಬರು ಮಾಡಿದರೆ ಸಾಲದು. ನಿಮ್ಮ ತುಂಡಿನಲ್ಲಿ ಬಿಟ್ಟ ಹುಳ ನಾಳೆ ಪಕ್ಕದವರ ಚಪ್ಪರದಲ್ಲಿ ನೊಣವಾಗಿ ಕೂರುತ್ತದೆ.

ಮತ್ತೆ ಒಂದು ಮಾತು. ಮಿಡಿ ಕೊಳೆತ ದಿನ ನೆರೆಮನೆಯವಳ ಕೈ ನೋಡಲು ಹೋಗಬೇಡಿ. ಚಾಕು ತನ್ನಿ, ಮಿಡಿಯನ್ನು ಸೀಳಿ, ಅವಳನ್ನೂ ಕರೆದು ಇಬ್ಬರೂ ಸೇರಿ ಒಳಗೆ ನೋಡಿ.